ಬೀಡಿ ಸುತ್ತುವ ಕೈಗೆ ಒಂದು ಮನೆ



ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಹೋಗುವವರು ನೀವಾಗಿದ್ದರೆ, ದಾರಿಯಲ್ಲಿ ವಳಸಂಗ ದಾಟಿದ ಮೇಲೆ ಕುಂಭಾರಿ ಬರುತ್ತದೆ. ಅಲ್ಲಿಯ ‘ವಿಡಿ ಘರಕುಲ’ದ ಹೆಸರು ಕೇಳಿರುತ್ತೀರಿ. ಘರಕುಲ ಅಂದರೆ ಮರಾಠಿಯಲ್ಲಿ ಪುಟ್ಟ ಮನೆ. ಇಂಥ 10,000 ಮನೆಗಳ ವಸತಿ ಅದು. ಅದರ ಕಥೆಯನ್ನು ಇಂದು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಸೋಲಾಪುರ ಗಿರಣಿಗಳ ಊರು. ಇಲ್ಲಿ ಹಳೇ ಗಿರಣಿಯ ಕಂಪನಿ ಹುಟ್ಟಿತು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು, ಸುತ್ತಲಿನ ಹಳ್ಳಿಗಳಿಂದ ನಮ್ಮ ಕನ್ನಡದವರೂ ಬಂದರು. ಗಂಡಸರು ಗಿರಣಿ, ಮಗ್ಗ ಹಿಡಿದರೆ ಹೆಂಗಸರು ಬೀಡಿಯ ಮೊರ ಹಿಡಿದರು. ಮುಂದೆ ದೊಡ್ಡ ಗಿರಣಿಗಳು ಬಾಗಿಲು ಹಾಕಿದಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದಲೇ.

ಬೀಡಿ ಕೆಲಸ ಹೇಗೆಂದು ನೋಡಿ. ಎಲೆ, ತಂಬಾಕು ತೂಗಿ ಕೊಡುತ್ತಾರೆ. ಹೆಂಗಸು ಮನೆಗೆ ತಂದು ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ ಮರಳಿ ಒಯ್ಯಬೇಕು. ಸರಿಯಿಲ್ಲದವನ್ನು ಆರಿಸಿ ತೆಗೆದು, ಉಳಿದದ್ದಕ್ಕೆ ಸಾವಿರದ ಲೆಕ್ಕದಲ್ಲಿ ಮಜೂರಿ. ಅಂದರೆ ಆಕೆಯ ಮನೆಯೇ ಆಕೆಯ ಕಾರಖಾನೆ. ಬಾಡಿಗೆಯ ಒಂದೇ ಖೋಲಿ. ಅಲ್ಲೇ ಒಲೆ, ಅಲ್ಲೇ ತೊಟ್ಟಿಲು, ಅಲ್ಲೇ ತಂಬಾಕಿನ ಧೂಳು. ಮನೆಯ ಮಾಲೀಕ ಖಾಲಿ ಮಾಡು ಎಂದರೆ ವಸತಿಯೂ ಹೋಯಿತು, ಕೆಲಸದ ಜಾಗವೂ ಹೋಯಿತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಮ್ಯಾಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವ. 1990ರ ದಶಕದ ಕೊನೆಗೆ ಒಬ್ಬ ಬೀಡಿ ಕೆಲಸದ ತಾಯಿ ನನ್ನ ಕೌಂಟರಿಗೆ ಬಂದಳು. ಮನೆಯ ಸಲುವಾಗಿ ಹಣ ಕೂಡಿಡಬೇಕು, ಖಾತೆ ತೆಗೆಯಿರಿ ಎಂದಳು. ಆಗ ಖಾತೆ ಇದ್ದವರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. “ಯಾರನ್ನಾದರೂ ಕರಕೊಂಡು ಬಾರವ್ವಾ” ಎಂದು ಕಳಿಸಿಬಿಟ್ಟೆ. ಆಕೆ ನಮ್ಮ ಹಿಂದಿನ ಓಣಿಯವಳೇ, ದಿನಾ ನೋಡುತ್ತಿದ್ದೆ. ನನ್ನದೂ ಅಲ್ಲಿ ಖಾತೆ ಇತ್ತು. ಒಂದು ಸಹಿ ನಾನೇ ಹಾಕಬಹುದಿತ್ತು. ಹಾಕಲಿಲ್ಲ. ಆಕೆ ಮತ್ತೆ ಬರಲಿಲ್ಲ. ಕೂಡಿಟ್ಟ ದುಡ್ಡನ್ನು ಎಲ್ಲಿಟ್ಟಳೋ ಎಂದು ಇಂದಿಗೂ ಯೋಚನೆಯಾಗುತ್ತದೆ.

ಇಂಥ ತಾಯಂದಿರೇ ಸೇರಿ ಮಹಿಳಾ ಬೀಡಿ ಕಾಮಗಾರರ ಸಹಕಾರಿ ಗೃಹ ನಿರ್ಮಾಣ ಸಂಸ್ಥೆ ಕಟ್ಟಿದರು. ಅದರ ಮುಂದಾಳು ಕಾರ್ಮಿಕ ನಾಯಕ ನರಸಯ್ಯ ಆಡಂ. ಸಂಸ್ಥೆಗೆ ಗೋದಾವರಿ ಪರುಳೇಕರರ ಹೆಸರಿಟ್ಟರು. ಜನ ಅವರನ್ನು ಗೋದೂತಾಯಿ ಎನ್ನುತ್ತಿದ್ದರು. 1907ರಲ್ಲಿ ಹುಟ್ಟಿದ ಅವರು ಕಾನೂನು ಓದಿ, 1945ರಲ್ಲಿ ಠಾಣೆ ಜಿಲ್ಲೆಯ ವಾರಲಿ ಆದಿವಾಸಿಗಳ ಬಿಟ್ಟಿ ಚಾಕರಿಯ ವಿರುದ್ಧ ನಿಂತವರು. ವರ್ಷಗಟ್ಟಲೆ ಮೋರ್ಚಾ, ಅರ್ಜಿ ನಡೆದವು. ಕೇಂದ್ರ, ರಾಜ್ಯ ಸರ್ಕಾರಗಳ ಪಾಲಿನ ಜೊತೆ ಕೆಲಸಗಾರ್ತಿಯರೂ ತಮ್ಮ ಪಾಲು ಹಾಕಿದರು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗರು ಈ ಮನೆಗಳನ್ನು ಅವರಿಗೆ ಒಪ್ಪಿಸಿದರು.

ಅದೇ ಕುಂಭಾರಿಯ ಬಳಿ ಮುಂದೆ ರೇ ನಗರ ಎದ್ದಿತು. ಬೀಡಿ, ಮಗ್ಗ, ಚಿಂದಿ ಆಯುವುದು, ಗಾಡಿ ಹೊಡೆಯುವುದು, ಹೀಗೆ ದುಡಿಯುವ ಕುಟುಂಬಗಳಿಗೆ 30,000 ಮನೆಗಳ ಯೋಜನೆ ಅದು. 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅಡಿಗಲ್ಲು ಹಾಕಿದರು. 2024ರ ಜನವರಿ 19ರಂದು 15,000 ಮನೆಗಳನ್ನು ಹಸ್ತಾಂತರಿಸಿದರು.

ಈ ಮನೆಗಳು ದೊಡ್ಡವಲ್ಲ. ಊರಿನ ಪೇಟೆಯಿಂದ ದೂರ, ಬಸ್ಸಿನ ಖರ್ಚೂ ಇದೆ. ಆದರೂ ಬೀಡಿ ಘರಕುಲದಲ್ಲಿ ಮನೆಯ ಹಕ್ಕು ಹೆಂಗಸಿನ ಹೆಸರಿಗೆ ಬಂತು. ಕುಡಿದು ಬಂದ ಗಂಡನಾಗಲಿ, ಸಿಟ್ಟಿಗೆದ್ದ ಮಗನಾಗಲಿ, “ಹೊರಗೆ ನಡಿ” ಎನ್ನುವ ಮೊದಲು ಯೋಚಿಸಬೇಕು. ಗೋಡೆಗಿಂತ ಗಟ್ಟಿಯಾದದ್ದು ಆ ಕಾಗದ.

ಅದಕ್ಕೇ ಕೌಂಟರಿನ ಹಿಂದೆ ಕುಳಿತು ಕಲಿತ ಮೂರು ಮಾತು ಹೇಳುತ್ತೇನೆ. ಘರಕುಲಕ್ಕೆ ಹಣ ಕಟ್ಟುವಾಗ ಪ್ರತಿ ಕಂತಿನ ಪಾವತಿ ಕೇಳಿ ಪಡೆಯಿರಿ, ಅದರಲ್ಲಿ ಹೆಸರು ಸರಿ ಇದೆಯೇ ಎಂದು ಮಕ್ಕಳಿಂದ ಓದಿಸಿರಿ. ಎರಡನೆಯದು, ಸಂಸ್ಥೆಯ ಮನೆಯಾದರೆ ಶೇರು ಪತ್ರ ಮತ್ತು ತಾಬಾ ಪತ್ರವನ್ನು ಟ್ರಂಕಿನಲ್ಲಿಡಿ, ನಕಲು ಬೇರೆ ಕಡೆ ಇಡಿ. ಮೂರನೆಯದು, ವಾರಸಿನ ನೋಂದಣಿಯನ್ನು ನೀವು ಗಟ್ಟಿಯಿರುವಾಗಲೇ ಮಾಡಿರಿ. ಕಾಗದ ಮರಾಠಿಯಲ್ಲಿದೆ ಎಂದು ಅಂಜಬೇಡಿರಿ. ನಮ್ಮಲ್ಲಿ ಎರಡೂ ಭಾಷೆ ಓದುವವರು ಪ್ರತಿ ಓಣಿಯಲ್ಲಿದ್ದಾರೆ.

ಮತ್ತು ಓದು ಬಲ್ಲವರೇ, ಇಂಥ ತಾಯಿ ಯಾರಾದರೂ ಅರ್ಜಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ನಾಳೆ ಬಾ ಎನ್ನಬೇಡಿರಿ. ನನ್ನಂತೆ ಆಮೇಲೆ ಮರುಗುವುದು ಬೇಡ.