ಬಾಗಿಲು ಹಾಕಿದ ಕೋಣೆಯ ಶಾಸನಸಭೆ



ಶಾಸಕರು ಏನು ಮಾಡಿದರು ಅಂತ ಯಾರಾದರೂ ಕೇಳಿದರೆ ನಾವು ಸಿಸಿ ರಸ್ತೆ ತೋರಿಸುತ್ತೇವೆ, ಸಮುದಾಯ ಭವನ ತೋರಿಸುತ್ತೇವೆ. ಮದುವೆಗೆ ಬಂದು ಅಕ್ಷತೆ ಹಾಕಿ ಹೋದದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಸದನದ ಯಾವ ಸಮಿತಿಯಲ್ಲಿದ್ದರು, ಅಲ್ಲಿ ಏನು ಕೇಳಿದರು ಅಂತ ಯಾರೂ ವಿಚಾರಿಸುವುದಿಲ್ಲ. ಸಮಿತಿ ಸಭೆಗೆ ಪತ್ರಕರ್ತರನ್ನು ಬಿಡುವುದಿಲ್ಲ, ಟಿವಿಯಲ್ಲೂ ಬರುವುದಿಲ್ಲ. ಹಾಗಾಗಿ ಅದು ಕೆಲಸವೇ ಅಲ್ಲ ಅಂದುಕೊಂಡಿದ್ದೇವೆ.

ಅದು ಎಂಥ ಕೆಲಸ ಅಂತ ತಿಳಿಯಲು ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅವರನ್ನು ನೆನೆಯಿರಿ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿ ಕುರಿತ ಜಂಟಿ ಸದನ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಸಚಿವರಲ್ಲ, ಕೈಯಲ್ಲಿ ಖಾತೆಯಿಲ್ಲ. ಆದರೆ ಸದನ ಸಮಿತಿ ಕರೆದರೆ ಅಧಿಕಾರಿ ಕಡತ ಹಿಡಿದು ಬರಲೇಬೇಕು. ಗೋಮಾಳ ಯಾವುದು, ಕೆರೆ ಅಂಗಳ ಯಾವುದು, ಪಹಣಿಯಲ್ಲಿ ಹೆಸರು ಯಾವಾಗ ಬದಲಾಯಿತು ಅಂತ ಸರ್ವೆ ನಂಬರು ಹಿಡಿದು ಕೇಳಿದರೆ ಭಾಷಣದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. 2007ರಲ್ಲಿ ವರದಿ ಬಂತು. ಅದು ತಂದ ಒತ್ತಡದ ಹಿಂದೆಯೇ ಭೂಕಬಳಿಕೆ ನಿಷೇಧ ಕಾಯ್ದೆ, 2011 ಬಂತು. ಅದರ ವಿಶೇಷ ನ್ಯಾಯಾಲಯ ಕೆಲಸ ಶುರು ಮಾಡಿದ್ದು 2016ರಲ್ಲಿ. ಇಷ್ಟು ನಿಧಾನ ನನಗೂ ಸಿಟ್ಟು ತರಿಸುತ್ತದೆ. ಆದರೂ ಒಬ್ಬ ಶಾಸಕ ಇಷ್ಟು ದೂರ ಎಳೆದದ್ದು ಸಣ್ಣ ಮಾತಲ್ಲ.

ಇನ್ನು ಖಾಸಗಿ ಸದಸ್ಯರ ವಿಧೇಯಕ. ಸಚಿವರಲ್ಲದ ಯಾವ ಸದಸ್ಯರಾದರೂ ಮಂಡಿಸಬಹುದು, ಪಾಸಾಗುವುದು ಮಾತ್ರ ಅಪರೂಪ. ಸಂಸತ್ತಿನಲ್ಲೇ ಕಾಯ್ದೆಯಾದವು ಬರೀ 14, ಕೊನೆಯದು 1970ರಲ್ಲಿ. ಹಾಗಂತ ದಂಡ ಅನ್ನಬೇಡಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿಗಾಗಿ ಸಂಸದ ತಿರುಚ್ಚಿ ಶಿವ ತಂದ ವಿಧೇಯಕ 2015ರಲ್ಲಿ ರಾಜ್ಯಸಭೆ ದಾಟಿ, ಲೋಕಸಭೆಯಲ್ಲಿ ನಿಂತುಹೋಯಿತು. 2019ರಲ್ಲಿ ಸರ್ಕಾರವೇ ಆ ವಿಷಯಕ್ಕೆ ತನ್ನದೊಂದು ಕಾಯ್ದೆ ತಂದಿತು.

ನಮ್ಮ ಗೊರೇಬಾಳದವರಿಗೆ ಹತ್ತಿರದ್ದು ಸರ್ಕಾರಿ ಭರವಸೆಗಳ ಸಮಿತಿ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗಕ್ಕೆ ನೀರು ಬರುತ್ತಿಲ್ಲ ಅಂತ ಶಾಸಕರು ಸದನದಲ್ಲಿ ಪ್ರಶ್ನೆ ಹಾಕಿದರು ಅನ್ನಿ. ಸಚಿವರು ಎದ್ದು “ಕ್ರಮ ಕೈಗೊಳ್ಳಲಾಗುವುದು” ಅಂದರೆ ನಾವು ನಗುತ್ತೇವೆ. ಈ ಸಮಿತಿ ನಗುವುದಿಲ್ಲ, ಅದನ್ನು ಭರವಸೆ ಅಂತ ಬರೆದಿಟ್ಟುಕೊಂಡು ಇಲಾಖೆಯ ಬೆನ್ನು ಹತ್ತುತ್ತದೆ. ಹತ್ತಬೇಕು ಅನ್ನೋಣ, ಹತ್ತುವವರು ಸಭೆಗೆ ಹೋದರೆ ತಾನೇ? ಅರ್ಜಿಗಳ ಸಮಿತಿಯೂ ಇದೆ. ಊರಿನವರು ಶಾಸಕರ ಮೂಲಕ ಸದನಕ್ಕೇ ಅರ್ಜಿ ಒಪ್ಪಿಸಬಹುದು.

ಇನ್ನು ಸಂವಿಧಾನದ 371(ಜೆ) ವಿಧಿ ಅಂದರೆ ನಮ್ಮ ಮಕ್ಕಳಿಗೆ ಸೀಟು, ನೌಕರಿ ಅಂತಷ್ಟೇ ತಿಳಿದಿದ್ದೇವೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಅಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಅಂತಲೂ ಅದೇ ವಿಧಿಯಲ್ಲಿದೆ. ಆ ವರದಿ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಶಾಸಕರು ಏನು ಕೇಳಿದರು ಅಂತ ತಿಳಿಯಬೇಕಾದರೆ ಸದನದ ನಡವಳಿ ಅಚ್ಚಾಗಿ ಸಿಗುತ್ತದೆ. ನಮ್ಮೂರಿನ ಈ ಉಪನ್ಯಾಸ ಮಾಲೆಯ ಮುಂದಿನ ಉಪನ್ಯಾಸಕ್ಕೆ ನಮ್ಮ ಶಾಸಕರನ್ನೇ ಕರೆಯೋಣ. ಅವರು ಬರುವ ಮೊದಲು ಆ ನಡವಳಿ ತರಿಸಿ ಓದಿಕೊಂಡಿರೋಣ.