ಬೈಯುವುದಿಲ್ಲ, ಮೊದಲು ಹೇಳಿ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



"ನೀವು ಐಟಿಯವರು, ಎಂ.ಟೆಕ್ ಓದಿದವರು, ಬ್ಯಾಂಕ್ ವಂಚನೆಗಳ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಕೇಳಿದಾಗ ನನಗೆ ಸಂಕೋಚವಾಯಿತು. ಏಕೆಂದರೆ ಇಂಥ ವಂಚನೆ ನಡೆದದ್ದು ನಮ್ಮ ಮನೆಯಲ್ಲೇ, ನಾನು ಪಕ್ಕದ ಕೋಣೆಯಲ್ಲಿ ಕೂತಿದ್ದಾಗಲೇ. ನಮ್ಮ ಅತ್ತೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅವರಿಗೆ ವಾಟ್ಸಾಪ್ ವಿಡಿಯೋ ಕರೆ ಬಂತು. ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ಹಿಂದಿಯಲ್ಲಿ, "ನಿಮ್ಮ ಆಧಾರ್ ಬಳಸಿ ಕಳಿಸಿದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ. ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ" ಎಂದ. ಇಲ್ಲಿಗೆ ಬಂದು ಎಂಟು ವರ್ಷವಾದರೂ ಅತ್ತೆಯವರಿಗೆ ಹಿಂದಿ ಅಷ್ಟಕ್ಕಷ್ಟೇ. ಎರಡು ಗಂಟೆಯಲ್ಲಿ, "ಪರಿಶೀಲನೆ ಮುಗಿದ ಮೇಲೆ ವಾಪಸ್ ಬರುತ್ತದೆ" ಎಂಬ ಮಾತು ನಂಬಿ 1,80,000 ರೂಪಾಯಿ ಕಳಿಸಿಬಿಟ್ಟರು. ಗೋಡೆಯ ಈಚೆ ನಾನು ಹೆಡ್‌ಫೋನ್ ಹಾಕಿಕೊಂಡು ಮೀಟಿಂಗ್‌ನಲ್ಲಿದ್ದೆ.

ನಮಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ. ಅವರು ಊಟ ಬಿಟ್ಟಿದ್ದು ನೋಡಿ ನನ್ನ ಮಗಳು ಕೇಳಿದಾಗ ಅತ್ತುಬಿಟ್ಟರು. "ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?" ಎಂದೆ. "ಒಂದು ಫೋಟೋ ಕಳಿಸೋದು ಕೇಳಿದರೂ 'ಎಷ್ಟು ಸಲ ಹೇಳಿಕೊಡೋದು' ಅಂತೀಯಲ್ಲಮ್ಮ, ಇದನ್ನ ಹೇಗೆ ಹೇಳಲಿ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ದೂರು ಕೊಟ್ಟೆವು. ಆದರೆ ಹಣ ಅಷ್ಟರಲ್ಲಿ ಹಲವು ಖಾತೆ ದಾಟಿ ಹೋಗಿತ್ತು. ಇಂದಿಗೂ ಒಂದು ರೂಪಾಯಿ ಬಂದಿಲ್ಲ.

ಆದ್ದರಿಂದ ಕೆಲವು ವಿಷಯ ಗಟ್ಟಿಯಾಗಿ ನೆನಪಿಡಿ. ನಮ್ಮ ಕಾನೂನಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಪರಿಶೀಲನೆಗೆಂದು ಹಣ ಕೇಳುವುದಿಲ್ಲ. ಯುಪಿಐ ಪಿನ್ ಹಾಕಿದರೆ ನಮ್ಮ ಹಣ ಹೋಗುತ್ತದೆ. ಹಣ ಪಡೆಯಲು ಪಿನ್ ಬೇಕಿಲ್ಲ. ಒಟಿಪಿಯನ್ನು ಬ್ಯಾಂಕಿನವರೂ ಕೇಳುವಂತಿಲ್ಲ.

ಹಣ ಹೋಯಿತೇ? ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಸಹಾಯವಾಣಿ, ಯಾವ ರಾಜ್ಯದಲ್ಲಿದ್ದರೂ ನಂಬರ್ ಇದೇ. ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಲು ಅವಕಾಶವಿದೆ. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿಟ್ಟುಕೊಳ್ಳಿ. ನಿಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ನಾವೇ ಪಿನ್, ಪಾಸ್‌ವರ್ಡ್ ಕೊಟ್ಟು ಮೋಸಹೋಗಿದ್ದರೂ ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ತಡ ಮಾಡಿದಷ್ಟೂ ಹೊರೆ ನಮ್ಮದೇ.

ಇಷ್ಟು ನಿಯಮ ನನಗೆ ಮೊದಲೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ನನ್ನ ಒಂದು ಸಿಡುಕು ಮಾತು ವಂಚಕನ ಕೆಲಸವನ್ನು ಎಷ್ಟು ಸುಲಭ ಮಾಡಿಕೊಟ್ಟಿತ್ತು ಎಂಬುದು. "ಯಾರಿಗೂ ಹೇಳಬೇಡ" ಎಂದು ಅವನು ಎರಡು ಗಂಟೆ ಹೇಳಿದ; ನಾನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಿದೆ. ಅಪರಿಚಿತ ಕರೆ ಬಂದರೆ, ತಪ್ಪು ಬಟನ್ ಒತ್ತಿದರೆ, ಯಾರೇ ಆಗಲಿ ಮೊದಲು ಬಂದು ಹೇಳಬೇಕು. ಕೇಳಿದವರು ಬೈಯುವಂತಿಲ್ಲ. ನಾನು ಮೀಟಿಂಗ್‌ನಲ್ಲಿದ್ದರೂ ಬಾಗಿಲು ತಟ್ಟಬಹುದು. ಕಳೆದ ತಿಂಗಳು "ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಲೈನ್ ಕಟ್" ಎಂಬ ಸಂದೇಶ ಬಂದಾಗ ಅತ್ತೆಯವರು ನೇರ ನನ್ನ ಕೋಣೆಗೆ ಬಂದರು. ಮೊಬೈಲ್ ತೋರಿಸಿ, "ಇದೂ ಕಳ್ಳರದ್ದೇ ಅಲ್ವೇನಮ್ಮ?" ಎಂದರು.

ಇಂದು ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ. 1930 ನಂಬರನ್ನು ಮನೆಯ ಹಿರಿಯರ ಮೊಬೈಲ್‌ನಲ್ಲಿ ಸೇವ್ ಮಾಡಿಕೊಡಿ. ಆಮೇಲೆ ಪಕ್ಕದಲ್ಲಿ ಕೂತು ಹೇಳಿ: "ಏನೇ ಆದರೂ ನನಗೆ ಹೇಳಿ, ನಾನು ಬೈಯುವುದಿಲ್ಲ."