ಸುಂಕದವನ ಮನೆಗೆ ಬಂದ ಅತಿಥಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕ್ರೈಸ್ತ ಬೋಧನೆಯಲ್ಲಿ ಕೃಪೆ, ಕ್ಷಮೆ, ಮನಃಪರಿವರ್ತನೆ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ನಾವು ಆ ಮತದವರಲ್ಲ. ಪಂಡಿತರಂತೂ ಅಲ್ಲವೇ ಅಲ್ಲ. ಆದರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ವನ್ನೂ, ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದವರು. ಅವರ ಸೀಮೆಯವರಾದ ನಮಗೆ ‘ಇದು ಹೊರಗಿನ ವಿಷಯ’ವೆಂದು ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ.

ಕೃಪೆಯೆಂದರೆ ಪಡೆಯುವವನ ಯೋಗ್ಯತೆಯನ್ನು ತೂಗದೆ ಬರುವ ದಯೆ. ಲಕ್ಷಣವನ್ನು ಹೀಗೆ ಒಂದು ಮಾತಿನಲ್ಲಿ ಹೇಳಿ ಮುಗಿಸಬಹುದು. ಅದು ಕೆಲಸ ಮಾಡುವ ಬಗೆಯನ್ನು ಕಾಣಬೇಕಾದರೆ ಕಥೆಯೊಂದೇ ಗತಿ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಮೊದಲಲ್ಲಿ ಬರುವ ಜಕ್ಕಾಯನ ಕಥೆಯನ್ನು ನಾವು ಆರಿಸಿಕೊಂಡಿದ್ದೇವೆ. ಕಾರಣವಿಷ್ಟೆ: ಅದು ಗಡಿಯೂರಿನ ಕಥೆ.

ಯೆರಿಕೋ ಪಟ್ಟಣವು ಜೋರ್ದನ್ ನದಿಯ ಕಣಿವೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಆ ಕಾಲದಲ್ಲಿ ನದಿಯ ಈಚೆಯ ಯೂದಾಯವು ರೋಮಿನ ಅಧಿಪತಿಯ ಆಳ್ವಿಕೆಗೂ, ಆಚೆಯ ಪೆರಿಯಾ ಸೀಮೆಯು ಹೆರೋದ ಅಂತಿಪನ ಆಳ್ವಿಕೆಗೂ ಸೇರಿದ್ದವು. ಖರ್ಜೂರಕ್ಕೂ ಸುಗಂಧದ ಅಂಟಿಗೂ ಹೆಸರಾದ ಊರು. ಇಂಥ ಕಡೆ ಸುಂಕದ ಕಟ್ಟೆಯ ಆದಾಯವೆಷ್ಟೆಂಬುದನ್ನು ಗಡಿಯಲ್ಲಿ ಬಾಳುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುಂಕವೆತ್ತುವ ಹಕ್ಕನ್ನು ಗುತ್ತಿಗೆ ಹಿಡಿದವರು ಸರ್ಕಾರಕ್ಕೆ ಗೊತ್ತಾದ ಮೊತ್ತವನ್ನು ಕಟ್ಟಿ, ಮೇಲೆ ಬಂದುದನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ನಮ್ಮ ಗಾದೆ ಆ ಊರಿಗೂ ಒಪ್ಪುವಂಥದು. ಜಕ್ಕಾಯನು ಅಂಥ ಸುಂಕದವರಿಗೆಲ್ಲ ಮುಖ್ಯಸ್ಥ. ಹೀಬ್ರೂ ಮೂಲದ ಆ ಹೆಸರಿಗೆ ‘ಶುದ್ಧನು’ ಎಂದರ್ಥ. ಊರವರು ಆ ಹೆಸರನ್ನು ಯಾವ ದನಿಯಲ್ಲಿ ಉಚ್ಚರಿಸುತ್ತಿದ್ದರೋ!

ಯೇಸು ಆ ದಾರಿಯಾಗಿ ಬರುತ್ತಾನೆ. ಜಕ್ಕಾಯ ಗಿಡ್ಡ, ಜನ ಅವನಿಗೆ ಎಡೆಗೊಡುವುದಿಲ್ಲ. ಅವನು ಮುಂದೆ ಓಡಿ ಅತ್ತಿಯ ಜಾತಿಯ ಒಂದು ಮರವನ್ನು ಹತ್ತುತ್ತಾನೆ. ಯೇಸು ಮರದ ಕೆಳಗೆ ನಿಂತು, ತಲೆಯೆತ್ತಿ, ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕಾಗಿದೆ ಎನ್ನುತ್ತಾನೆ. ಲೆಕ್ಕದ ಪುಸ್ತಕ ತಾ ಎನ್ನಲಿಲ್ಲ. ಮೊದಲು ಕದ್ದುದನ್ನು ಕೊಟ್ಟು ಬಾ ಎನ್ನಲೂ ಇಲ್ಲ. ಅತಿಥಿ ಮೊದಲು ಬಂದ. ಲೆಕ್ಕದ ಮಾತು ಆಮೇಲೆ ಬಂತು, ಅದೂ ಮನೆಯವನ ಬಾಯಿಂದಲೇ ಬಂತು.

ಜನ ಗೊಣಗಿದರು. ಉಪದೇಶಕರು ಸಾಮಾನ್ಯವಾಗಿ ಈ ಜನರನ್ನು ಕಲ್ಲೆದೆಯವರೆಂದು ತಳ್ಳಿಬಿಡುವರು. ನಮಗೆ ಅದು ಸರಿಕಾಣುವುದಿಲ್ಲ. ಸುಂಕದ ಕಟ್ಟೆಯಲ್ಲಿ ಸುಲಿಗೆಯಾದವರು ಅವರೇ ಅಲ್ಲವೆ? ಅವರ ದುಡ್ಡಿನಿಂದ ಕಟ್ಟಿದ ಮನೆಯಲ್ಲಿ ಔತಣ ನಡೆಯುವಾಗ ಅವರು ಚಪ್ಪಾಳೆ ತಟ್ಟಬೇಕಿತ್ತೆ?

ಆ ಗೊಣಗಾಟಕ್ಕೆ ಉತ್ತರ ಕೊಟ್ಟವನು ಮೊದಲು ಜಕ್ಕಾಯ. ಆಸ್ತಿಯ ಅರ್ಧ ಬಡವರಿಗೆ. ಅನ್ಯಾಯವಾಗಿ ಕಿತ್ತುಕೊಂಡುದಕ್ಕೆ ನಾಲ್ಕರಷ್ಟು. ಮೋಶೆಯ ಧರ್ಮಶಾಸ್ತ್ರದಂತೆ, ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದರಲ್ಲೊಂದು ಪಾಲನ್ನು ಕೂಡಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಎಂಬುದು ಕುರಿಯನ್ನು ಕದ್ದು ಕೊಂದವನಿಗೋ ಮಾರಿದವನಿಗೋ ವಿಧಿಸಿದ ದಂಡ. ಅವನು ತನ್ನನ್ನು ಅಧಿಕಾರಿಗಳ ಸಾಲಿನಿಂದ ಎತ್ತಿ ಕಳ್ಳರ ಸಾಲಿನಲ್ಲಿ ತಾನೇ ಇಟ್ಟುಕೊಂಡ. ಬೇರೆಯವರು ಅದೇ ಮಾತನ್ನು ದಿನವೂ ಬೀದಿಯಲ್ಲಿ ಆಡುತ್ತಿದ್ದರೂ ಅವನಿಗೆ ಕೇಳಿಸಿರಲಿಲ್ಲ.

ಇಲ್ಲಿ ವಿದ್ವಾಂಸರೊಳಗೆ ಒಂದು ಜಿಜ್ಞಾಸೆಯಿದೆ. ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದಗಳು ವರ್ತಮಾನಕಾಲದಲ್ಲಿವೆ. ಅವನು ಮುಂದೆ ಕೊಡುವೆನೆಂದು ಮಾತು ಕೊಟ್ಟನೋ, ಮೊದಲಿನಿಂದಲೂ ಕೊಡುತ್ತ ಬಂದಿದ್ದನೋ ಎಂದು ಚರ್ಚಿಸುತ್ತಾರೆ. ನಮ್ಮ ಕನ್ನಡದ ‘ಕೊಡುತ್ತೇನೆ’ ಎಂಬ ಒಂದೇ ರೂಪ ಎರಡಕ್ಕೂ ಒದಗುತ್ತದೆ, ಭಾಷಾಂತರಕಾರರ ಪುಣ್ಯ! ನಾವು ವಾಗ್ದಾನವೆಂದೇ ಓದುತ್ತೇವೆ. ಮೊದಲೇ ಕೊಡುತ್ತಿದ್ದವನಾದರೆ ಅತಿಥಿ ಬಂದುದರಿಂದ ಆ ಮನೆಯಲ್ಲಿ ಆದದ್ದೇನು?

ಆದರೆ ಎಲ್ಲರಿಗೂ ಪರಿವರ್ತನೆಯೆಂಬುದು ಹೀಗೆ ಒಂದು ಊಟದ ಹೊತ್ತಿನಲ್ಲಿ ಆಗುವುದಿಲ್ಲ. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಕಡಲಿನ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟವನು. ಹಾಗಿದ್ದೂ 1750ರಿಂದ 1754ರವರೆಗೆ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗುಗಳಿಗೆ ನಾಯಕನಾಗಿದ್ದ. 1764ರಲ್ಲಿ ಪಾದ್ರಿಯಾದ. ಕೃಪೆಯನ್ನು ಕುರಿತ ಅವನ ಜಗತ್ಪ್ರಸಿದ್ಧ ಕೀರ್ತನೆ 1779ರಲ್ಲಿ ಅಚ್ಚಾಯಿತು. ಆ ವ್ಯಾಪಾರದ ಕ್ರೌರ್ಯವನ್ನು, ಅದರಲ್ಲಿ ತನ್ನ ಪಾಲನ್ನು ಒಪ್ಪಿಕೊಂಡು ಪುಸ್ತಿಕೆ ಬರೆದದ್ದು 1788ರಲ್ಲಿ. ಕೀರ್ತನೆಗೂ ಈ ಒಪ್ಪಿಗೆಗೂ ನಡುವೆ ಒಂಬತ್ತು ವರ್ಷ! ಬ್ರಿಟಿಷ್ ಪಾರ್ಲಿಮೆಂಟು 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸಿದಾಗ ಅವನು ಇನ್ನೂ ಬದುಕಿದ್ದ. ಅದೇ ವರ್ಷದ ಕೊನೆಗೆ ತೀರಿಕೊಂಡ. ಅವನ ಹಡಗಿನಲ್ಲಿ ಹೋದವರಿಗೆ ನಾಲ್ಕರಷ್ಟು ಕೊಡುವ ದಾರಿ ಅವನಿಗಿರಲಿಲ್ಲ.

ತಡಮಾಡಿದವರ ಮಾತು ಬಂದಾಗ ನಮ್ಮ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. ಪ್ರಾಯದಲ್ಲಿ ನಾವು ಒಂದು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆವು. ಗೋಣಿಚೀಲದ ಭಾರವೆಂದು ಮೂಟೆಗೆ ಎರಡು ಕಿಲೋ ಕಳೆಯುವುದು ಅಲ್ಲಿಯ ಪದ್ಧತಿ. ಚೀಲ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಬೆಳೆಗಾರರಿಗೆ ಅದು ಗೊತ್ತಿತ್ತು, ನಮಗೂ ಗೊತ್ತಿತ್ತು. ಕೈಯಾರೆ ಬರೆದೆವು, ಸಂಬಳ ತೆಗೆದುಕೊಂಡೆವು. ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದವು. ಈ ಭಾಷಣಕ್ಕಾಗಿ ಓದುತ್ತಿದ್ದಾಗ ಅರಣ್ಯಕಾಂಡದ ಐದನೆಯ ಅಧ್ಯಾಯದ ಒಂದು ವಿಧಿ ಕಣ್ಣಿಗೆ ಬಿತ್ತು: ನಷ್ಟಪಟ್ಟವನಿಗೆ ಪರಿಹಾರ ತೆಗೆದುಕೊಳ್ಳತಕ್ಕ ಹತ್ತಿರದ ಬಂಧುವೂ ಇಲ್ಲವಾದರೆ ಅದು ದೇವರ ಪಾಲು, ಯಾಜಕನಿಗೆ ಸಲ್ಲಬೇಕು. ಪಡೆಯುವವನು ಇಲ್ಲದೆ ಹೋದರೂ ಕೊಡುವವನ ಋಣ ತೀರುವುದಿಲ್ಲವೆಂದಾಯಿತು. ಪುಸ್ತಕ ಮುಚ್ಚಿಟ್ಟು ಎರಡು ದಿನ ಸುಮ್ಮನಿದ್ದೆವು.

ಆ ಲೆಕ್ಕದ ಹೆಸರುಗಳಲ್ಲಿ ಈಗ ನೆನಪಾಗುವವು ಮೂರೇ. ಕಳೆದ ವಾರ ಅವುಗಳಲ್ಲೊಂದು ಮನೆಗೆ ಹೋದೆವು. ತಂದೆಯವರು ತೀರಿಕೊಂಡಿದ್ದಾರೆ, ಮಗ ಇದ್ದರು. ಬಿಸಿಲಲ್ಲಿ ಬಂದಿರೆಂದು ಬೆಲ್ಲ, ನೀರು ತಂದಿಟ್ಟರು. ನಾವು ಹೇಳಬೇಕಾದುದನ್ನು ಹೇಳಿ ಲಕೋಟೆಯನ್ನು ಮುಂದಿಟ್ಟೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ ಪ್ರತಿಸಲವೂ ಮನೆಗೆ ಬಂದು ಆ ಚೀಲದ ಲೆಕ್ಕ ಹೇಳುತ್ತಿದ್ದರು ಮಾಸ್ಟ್ರೇ. ಬರೆಯುವ ಹುಡುಗ ತಲೆ ಎತ್ತುವುದೇ ಇಲ್ಲ ಎನ್ನುತ್ತಿದ್ದರು” ಎಂದರು. ಲಕೋಟೆಯನ್ನು ತೆಗೆದುಕೊಂಡರು. ಊಟಕ್ಕೆ ನಿಲ್ಲಿಸಿಕೊಂಡರು.

ಇನ್ನೆರಡು ಮನೆಗಳಿಗೆ ಹೋಗುವುದು ಬಾಕಿಯಿದೆ.